ದೇವರ ತಲೆಗೆ ಕಟ್ಟಿದ ಮಾತು

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಕಂಡಕ್ಟರ್ ಪಂಪಾಪತಿ ಮನೆ ಯಾವುದು' ಎಂದು ಕೇಳಿದರೆ ಮೂರು ಜನ ಒಟ್ಟಿಗೆ ಕೈ ತೋರಿಸುತ್ತಾರೆ. ನಾಲ್ಕನೆಯವನು 'ನಿಮ್ಮದು ಗಂಡೋ, ಹೆಣ್ಣೋ?' ಎಂದು ಕೇಳುತ್ತಾನೆ. ಅವನು ಕೇಳುವುದರಲ್ಲಿ ತಪ್ಪೇನಿಲ್ಲ. ಆ ಮನೆ ಹುಡುಕಿಕೊಂಡು ಬರುವವರೆಲ್ಲ ಒಂದೋ ಮಗನಿಗೆ ಹೆಣ್ಣು ನೋಡುತ್ತಿರುತ್ತಾರೆ, ಇಲ್ಲವೇ ಮಗಳಿಗೆ ಗಂಡು.

ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಹೋಗಿಬರುವ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದ ಮನುಷ್ಯ ಈ ಪಂಪಾಪತಿ. ಯಾರ ಮಗಳು ಕಾಲೇಜು ಮುಗಿಸಿದಳು, ಯಾರ ಮಗನಿಗೆ ನೌಕರಿ ಆಯಿತು, ಯಾವ ಮನೆಯ ಹಿರಿಯ ಕುಡಿದು ಬಸ್ಸಿನ ಮೆಟ್ಟಿಲ ಮೇಲೆ ಮಲಗುತ್ತಾನೆ, ಎಲ್ಲವೂ ಬಾಯಿಪಾಠ. ನಿವೃತ್ತಿಯಾದ ಮೇಲೆ ಇಷ್ಟೆಲ್ಲ ತಿಳಿವಳಿಕೆಯನ್ನು ಮನೆಯಲ್ಲಿಟ್ಟುಕೊಂಡು ಉಪ್ಪಿನಕಾಯಿ ಹಾಕುವುದೇ? ಸಂಬಂಧ ಕೂಡಿಸಲು ನಿಂತ. ಅದಕ್ಕಾಗಿ ಯಾರ ಹತ್ತಿರವೂ ಕೈ ಚಾಚಲಿಲ್ಲ. ಮದುವೆಯಲ್ಲಿ ನಾಲ್ಕು ಜನರೆದುರು ಕರೆದು ಒಂದು ಟವೆಲ್ ಹೊದಿಸಿದರೆ ಸಾಕು, ಆಸಾಮಿಗೆ ಆಕಾಶ ಮೂರೇ ಗೇಣು.

ಆದರೆ ಸಂಬಂಧ ಕೂಡಿಸುವವರು ಊರಿಗೆ ಹತ್ತು ಜನ ಸಿಗುತ್ತಾರೆ ಬಿಡಿ. ಪಂಪಾಪತಿಯ ಹೆಸರು ಇದ್ದದ್ದು ಕೂಡದ ಸಂಬಂಧವನ್ನು ಸದ್ದಿಲ್ಲದೆ ಬಿಡಿಸುವುದರಲ್ಲಿ. ನಮ್ಮ ಕಡೆಯ ರೀತಿ ಹೇಗೆಂದರೆ, ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗಿಯ ಓದುಬರಹ ವಿಚಾರಿಸಿ, ಏಳುವಾಗ 'ಊರಿಗೆ ಹೋಗಿ ಹೇಳಿ ಕಳಿಸ್ತೀವ್ರಿ' ಅನ್ನುತ್ತಾರೆ. ಮನಸ್ಸಿದ್ದರೆ ಮರುದಿನವೇ ಓಡಿ ಬರುತ್ತಾರೆ. ಮನಸ್ಸಿಲ್ಲದಿದ್ದರೆ ಬರುವುದೂ ಇಲ್ಲ, ಫೋನ್ ಎತ್ತುವುದೂ ಇಲ್ಲ. ಎದುರಿಗೆ ಕೂತು 'ಒಲ್ಲೆವು' ಎನ್ನುವ ಗಂಡಸು ಈ ಮೂರು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹೆಣ್ಣಿನ ತಾಯಿ ಮಾತ್ರ ಹದಿನೈದು ದಿನ ಬಾಗಿಲ ಕಡೆ ನೋಡುತ್ತ ಕೂರಬೇಕು.

ಹಾಗೆ ಕಾಯುವ ಮನೆಗೆ ಹೋಗಿ, ಒಂದು ಡಜನ್ ಬಾಳೆಹಣ್ಣು ಕೈಗಿಟ್ಟು, 'ಇದು ಕೂಡಿ ಬರಲಿಲ್ಲ ತಂಗಿ' ಎಂದು ಹೇಳಿ, ಹೇಳಿಸಿಕೊಂಡವರ ಬಾಯಿಂದಲೇ 'ಹೋಗಲಿ ಬಿಡ್ರಿ ಅಣ್ಣಾರ, ನೀವಾರ ಏನ್ ಮಾಡ್ತೀರಿ' ಎಂಬ ಸಮಾಧಾನ ಪಡೆದು ಬರುವ ವಿದ್ಯೆ ಅವನೊಬ್ಬನಿಗೇ ಸಿದ್ಧಿಸಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಂಡಿನ ಕಡೆಯವರು ಇಂಥ ಕೆಲಸವಿದ್ದಾಗ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆ ವಿದ್ಯೆಯ ಗುಟ್ಟು ಹೂವು. ಮನೆದೇವರ ಹತ್ತಿರ ಹೂ ಕೇಳುವುದು ನಮ್ಮಲ್ಲಿ ಹಳೆಯ ನಂಬಿಕೆ. ನೀರಲ್ಲಿ ಅದ್ದಿದ ಹೂವಿನ ಎಸಳನ್ನು ಮೂರ್ತಿಯ ಎಡಕ್ಕೊಂದು ಬಲಕ್ಕೊಂದು ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಕಾದು ಕೂಡುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ದೇವರು ಹೂ ಕೊಟ್ಟ, ಕೆಲಸ ಆಗುತ್ತದೆ. ಎಡಗಡೆಯದು ಬಿದ್ದರೆ ಬೇಡ. ದೇವರೇ ಬೇಡ ಅಂದಮೇಲೆ ಯಾರ ಮೇಲೆ ಸಿಟ್ಟು ಮಾಡುವುದು? 'ಅವರಿಗೆ ಮನಸ್ಸಿತ್ತು, ಅವರ ಮನೆದೇವರು ಹೂ ಕೊಡಲಿಲ್ಲ' ಎಂದರೆ ಮುಗಿಯಿತು. ಗಂಡಿನವರ ಮುಖ ಉಳಿಯಿತು, ಹೆಣ್ಣಿನವರ ಮಾನ ಉಳಿಯಿತು, ಪಂಪಾಪತಿಯ ಚಹಾ ಉಳಿಯಿತು. ದೇವರು ಮಾತ್ರ ಏನೂ ಗೊತ್ತಿಲ್ಲದೆ ತನ್ನ ಪಾಡಿಗೆ ತಾನು ಗುಡಿಯಲ್ಲಿದ್ದ.

ಅವನನ್ನು ಬೈಯುವ ಮೊದಲು ಇದನ್ನೂ ಕೇಳಿ. ಪಂಪಾಪತಿಯ ತಂಗಿ ಯಮನಮ್ಮನಿಗೆ ಹತ್ತೊಂಬತ್ತು ವರ್ಷವಿದ್ದಾಗ ಒಬ್ಬರು ನೋಡಲು ಬಂದಿದ್ದರು. ಗಂಡಿನ ಸೋದರಮಾವ ನೋಡಿ ಹೊರಡುವಾಗ ಹೊಸ್ತಿಲು ದಾಟುವ ಮುನ್ನವೇ, ಹುಡುಗಿಗೆ ಕೇಳಿಸುವ ಹಾಗೆ, 'ಇಷ್ಟು ಕರ್ರಗಿದ್ದಾಕಿನ್ನ ತೋರಿಸಾಕ ನಮ್ಮನ್ನ ಇಷ್ಟು ದೂರ ಕರಿಸೀರೇನು?' ಎಂದುಬಿಟ್ಟ. ಯಮನಮ್ಮ ಒಂದು ತಿಂಗಳು ಹೊರಗೆ ಬರಲಿಲ್ಲ. ನೀರು ತರಲೂ ಕತ್ತಲಾದ ಮೇಲೆಯೇ ಹೋಗುತ್ತಿದ್ದಳು. ಅವತ್ತು ಪಂಪಾಪತಿ ನಿಶ್ಚಯಿಸಿದ್ದ, ತನ್ನ ಬಾಯಿಂದ ಯಾವ ಹೆಣ್ಣುಮಗಳಿಗೂ ಇಂಥ ಏಟು ಬೀಳಬಾರದು ಎಂದು. ಸುಳ್ಳು ಹುಟ್ಟಿದ್ದು ಕರುಳಿನಿಂದಲೇ, ಅದರಲ್ಲಿ ಸಂಶಯವಿಲ್ಲ.

ಸಿಂಧನೂರಿನಲ್ಲಿ ರೈಸ್‌ಮಿಲ್ಲಿನ ಆಪರೇಟರ್ ಸೂಗಪ್ಪನ ಮಗಳು ಭಾರತಿಗೂ ಅವನು ಗಂಡು ತೋರಿಸಿದ್ದ. ಬಿ.ಎ. ಓದಿದ ಹುಡುಗಿ. ಮನೆಯಲ್ಲೇ ಚೌಕಟ್ಟು ಹಾಕಿಕೊಂಡು ಮದುವೆಯ ಕುಪ್ಪಸಗಳ ಮೇಲೆ ಜರಿ, ಮುತ್ತು ಕೂಡಿಸಿ ಹೊಲಿಯುತ್ತಾಳೆ. ಮಗ್ಗಂ ವರ್ಕ್ ಅನ್ನುತ್ತಾರಲ್ಲ, ಅದು. ಒಂದೂವರೆ ವರ್ಷದಲ್ಲಿ ಮೂರು ಮನೆಯವರು ಬಂದು ನೋಡಿದರು. ಮೊದಲು ಲಿಂಗಸುಗೂರಿನವರು, ಆಮೇಲೆ ಮಸ್ಕಿಯ ಕಿರಾಣಿ ಅಂಗಡಿಯವರು, ಕೊನೆಗೆ ಮಸ್ಕಿಯಲ್ಲೇ ಶಾಲೆ ಮೇಷ್ಟ್ರಾಗಿದ್ದ ಪವನ ಎಂಬ ಹುಡುಗನ ಮನೆಯವರು. ಮೂವರೂ ಒಲ್ಲೆ ಅಂದರು. ಮೂರು ಸಲವೂ ಪಂಪಾಪತಿ ಬಾಳೆಹಣ್ಣು ಹಿಡಿದುಕೊಂಡು ಹೋಗಿ ಹೂವಿನ ಮಾತು ಹೇಳಿ ಬಂದ. ಬೇರೆ ಮನೆಗಳಲ್ಲಿ ಒಂದು ಸಲ ಹೂ ಬೀಳದಿದ್ದರೆ ಎರಡನೆಯ ಗಂಡು ಕೂಡಿಬರುತ್ತಿತ್ತು, ಮಾತು ಮರೆತುಹೋಗುತ್ತಿತ್ತು. ಒಂದೇ ಮನೆಯಲ್ಲಿ ಮೂರು ಸಲ ಅದೇ ಮಾತು ಹೇಳಿದ್ದೇನೆ ಎಂಬುದು ಅವನ ತಲೆಗೇ ಹೋಗಲಿಲ್ಲ. ಕಂಡಕ್ಟರನಾಗಿ ಚಿಲ್ಲರೆ ಎಣಿಸಿದವನು ಸುಳ್ಳು ಎಣಿಸಲು ಮರೆತಿದ್ದ.

ಮೊನ್ನೆ ಶ್ರಾವಣದ ಒಂದು ಸೋಮವಾರ ಅವನು ಮಸ್ಕಿಯ ಗುಡ್ಡದ ಮಲ್ಲಯ್ಯನ ದರ್ಶನ ಮಾಡಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಭಾರತಿಯ ತಾಯಿ ತಿಮ್ಮವ್ವ ಎದುರಾದಳು. ಬರಿಗಾಲು, ಒದ್ದೆ ಸೀರೆ, ಕೈಯಲ್ಲಿ ಕಾಯಿ. ಏದುಸಿರು ಬಿಡುತ್ತಿದ್ದಳು.

'ಸಿಂಧನೂರಿಂದ ಇಷ್ಟು ಹೊತ್ತಿಗೇ ಬಂದೀ ಏನು ತಂಗಿ?'

'ಮೊದಲ್ನೇ ಬಸ್ಸಿಗೆ ಬಂದ್ನಿರಿ ಅಣ್ಣಾರ. ಇದು ಒಂಬತ್ತನೇ ಸೋಮವಾರ. ಹನ್ನೊಂದು ಹರಕಿ ಹೊತ್ತೀನಿ.' ತಿಮ್ಮವ್ವ ಮೆಟ್ಟಿಲ ಮೇಲೆ ಕೂತಳು. 'ಮೂರು ಮನಿಯ ಮೂರು ದೇವರು ನನ್ನ ಮಗಳಿಗೆ ಹೂ ಕೊಡ್ಲಿಲ್ಲ. ಏನ್ ತಪ್ಪು ಮಾಡೀವಿ ಅಂತ ಕೇಳಾಕ ಬರಾಕತ್ತೀನ್ರಿ. ಶಾಸ್ತ್ರ ಕೇಳಿದ್ವಿ, ಶಾಂತಿ ಮಾಡಿಸಿದ್ವಿ. ಓಣ್ಯಾಗ ಎಲ್ಲಾ ಮಾಲುಮ್ ಆಗೈತಿ. ದೇವರ ಒಲ್ಲದ ಹುಡುಗಿ ಅಂತ ಈಗ ನೋಡಾಕೂ ಯಾರೂ ಬರಂಗಿಲ್ಲ.'

ತಿಮ್ಮವ್ವ ಕಾಯನ್ನು ಮಡಿಲಿಗಿಟ್ಟುಕೊಂಡಳು.

'ಆದ್ರ ಈಗೊಂದು ಹಾದಿ ಆಗೈತ್ರಿ. ಲಿಂಗಸುಗೂರಿನ ಸಿಮೆಂಟ್ ಅಂಗಡಿ ಯಮನೂರಪ್ಪ ಅಂತ. ಹೆಂಡ್ತಿ ತೀರಿ ಮೂರು ವರ್ಷ ಆತು, ಎರಡು ಹೆಣ್ಣುಮಕ್ಕಳದಾವ. ವಯಸ್ಸು ನಲವತ್ತೈದು. ನಮ್ಮಾಕಿಗೆ ಇಪ್ಪತ್ತೇಳು. ಏನ್ ಮಾಡೂದು ಹೇಳ್ರಿ, ನಾವು ಹೂ ಗೀ ಕೇಳಂಗಿಲ್ಲ, ಹುಡುಗಿ ಬಂದ್ರ ಸಾಕು ಅಂದಾರ. ಬರೋ ಗುರುವಾರ ನಿಶ್ಚಯ.'

'ಭಾರತಿ ಏನಂತಾಳ?'

'ಏನಂತಾಳ್ರಿ? ದೇವರಿಗೇ ಬ್ಯಾಡಾದ ಮ್ಯಾಲ ನಂದೇನೈತಿ, ಹ್ಯಾಂಗ ಹೇಳ್ತೀರಿ ಹಂಗ ಅಂತಾಳ.' ತಿಮ್ಮವ್ವ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. 'ನೀವು ಭಾಳ ದೊಡ್ಡವ್ರು ಅಣ್ಣಾರ. ಮೂರೂ ಸಲ ಮನಿತನಕಾ ಬಂದು ಹೇಳಿದ್ರಿ. ಗುರುವಾರ ನೀವು ಬರಾಕ ಬೇಕು ನೋಡ್ರಿ.'

ಅವಳು ಮೇಲೆ ಹತ್ತಿದಳು. ಪಂಪಾಪತಿ ಅಲ್ಲೇ ಕೂತ. ಒಳ್ಳೆಯ ಮಾತು ಅಂದುಕೊಂಡು ಆಡಿದ್ದು ಒಂದು ಹೆಣ್ಣುಮಗಳ ಬಾಳನ್ನು ಯಾವ ಗತಿಗೆ ತಂದು ನಿಲ್ಲಿಸಿದೆ ಎಂದು ಈಗ ಹೊಳೆಯಿತು. ಇಳಿಯುವವರು ಒಬ್ಬಿಬ್ಬರು 'ಯಾಕ್ರಿ ಕಂಡಕ್ಟರ್, ಸುಸ್ತಾತೇನು?' ಎಂದು ಕೇಳಿಕೊಂಡು ಹೋದರು.

ಮನೆಗೆ ಬಂದು ಹೆಂಡತಿ ಅಮರೇಶ್ವರಿಗೆ ಎಲ್ಲ ಹೇಳಿದ. ಅವಳು ಶೇಂಗಾ ಸುಲಿಯುತ್ತಿದ್ದಳು. ಕೊನೆಯವರೆಗೂ ತಲೆಯೆತ್ತದೆ ಕೇಳಿ, ಆಮೇಲೆ ಎತ್ತಿದಳು ನೋಡಿ!

'ನಿಮ್ಮ ಬಾಯಿ ಬೆಲ್ಲ ಅಂತ ಮಂದಿ ಹೊಗಳ್ತಾರ. ಬೆಲ್ಲ ತಿಂದವರ ಹೊಟ್ಟ್ಯಾಗ ಹುಳಾ ಬೀಳ್ತಾವ ಅಂತ ಯಾರಾರ ಹೇಳ್ಯಾರೇನು ನಿಮಗ?'

'ಅವರಿಗೆ ನೋವಾಗಬಾರದಂತ ಹೇಳಿದ್ನಿ ಅಮರಿ.'

'ಅವರಿಗೆ ನೋವಾಗಬಾರದಂತೋ, ನಿಮಗ ಕಷ್ಟ ಆಗಬಾರದಂತೋ?' ಅಮರೇಶ್ವರಿ ಮೊರವನ್ನು ಪಕ್ಕಕ್ಕಿಟ್ಟಳು. 'ಖರೇ ಹೇಳಿದ್ರ ಅವರು ಅಳ್ತಾರ, ಜಗಳಾ ತಗೀತಾರ, ನೀವು ಕೂತು ಕೇಳಬೇಕಾಕ್ಕೈತಿ. ದೇವರ ಮ್ಯಾಲ ಹಾಕಿದ್ರ ಚಾ ಕುಡಿದು ಎದ್ದು ಬರಬಹುದು. ನಾಳಿಗೆ ಹೋಗಿ ಖರೇ ಹೇಳಿ ಬರ್ರಿ.'

'ಹ್ಯಾಂಗ ಹೇಳ್ಲಿ?'

'ಹ್ಯಾಂಗಂದ್ರ? ಬಾಯೀಲೆ.'

ಹೆಂಡತಿಯ ಮಾತು ನೇರ ಎದೆಗೆ ನಾಟಿತು. ತಂಗಿಯ ಹೆಸರು ಹೇಳಿಕೊಂಡು ತಿರುಗಿದ್ದ ಕರುಣೆಯಲ್ಲಿ ಅರ್ಧ ಪಾಲು ತನ್ನ ಅಂಜಿಕೆಯದೇ ಇತ್ತೇನೋ. ಆ ಲೆಕ್ಕ ಅವನು ಯಾವತ್ತೂ ಮಾಡಿರಲಿಲ್ಲ.

ಮಂಗಳವಾರ ಸಿಂಧನೂರಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಕಟ್ಟಿದ, ಮುರಿದ, ಮತ್ತೆ ಕಟ್ಟಿದ. 'ಒಂದು ಸಣ್ಣ ವಿಷಯ' ಎಂದು ಶುರು ಮಾಡಲೇ? ಇದು ಸಣ್ಣದೇ? 'ನನ್ನದೊಂದು ತಪ್ಪಾಗಿದೆ' ಎನ್ನಲೇ? ಒಂದು ತಪ್ಪೇ? ಕಾಲುವೆ ನೀರಿನ ಗದ್ದೆಗಳು ಎರಡೂ ಬದಿಗೆ ಹಸಿರಾಗಿ ಹರಡಿದ್ದವು, ಅವನಿಗೆ ಕಾಣಲೇ ಇಲ್ಲ. ಸಿಂಧನೂರಿನಲ್ಲಿಳಿದು ಅಭ್ಯಾಸಬಲದಿಂದ ಹಣ್ಣಿನ ಗಾಡಿಯ ಕಡೆ ಹೋದವನು ನಾಚಿ ಹಿಂದೆ ಬಂದ. ಬರಿಗೈಯಲ್ಲೇ ಹೋಗುವುದು ಸರಿ ಅನ್ನಿಸಿತು.

ಊಟದ ಹೊತ್ತು. ಸೂಗಪ್ಪ ಮಿಲ್ಲಿನಿಂದ ಬಂದಿದ್ದ, ಮೈಮೇಲೆಲ್ಲ ತೌಡಿನ ಪುಡಿ. ಭಾರತಿ ಪಡಸಾಲೆಯಲ್ಲಿ ಚೌಕಟ್ಟಿನ ಮುಂದೆ ಕೂತು ಯಾರದೋ ಕುಪ್ಪಸದ ತೋಳಿಗೆ ಮುತ್ತು ಪೋಣಿಸುತ್ತಿದ್ದಳು. ತಿಮ್ಮವ್ವ ಸಂಭ್ರಮದಿಂದ ಚಾಪೆ ಹಾಸಿದಳು. ಪಂಪಾಪತಿ ನೀರು ಕೇಳಿ ಕುಡಿದ. ಮಳೆ ಹೇಗಿದೆ ಎಂದ. ಮಿಲ್ಲು ಹೇಗಿದೆ ಎಂದ. ಮತ್ತೆ ನೀರು ಕೇಳಿದ.

'ಕಾಕಾ, ಏನೋ ಹೇಳಾಕ ಬಂದೀರಿ, ಹೇಳಿಬಿಡ್ರಿ,' ಅಂದಳು ಭಾರತಿ, ಸೂಜಿಯಿಂದ ಕಣ್ಣು ತೆಗೆಯದೆ. 'ಸಿಮೆಂಟ್ ಅಂಗಡಿಯವರೂ ಒಲ್ಲೆ ಅಂದ್ರೇನು?'

'ಇಲ್ಲವ್ವ. ಅದಲ್ಲ.' ಪಂಪಾಪತಿ ಲೋಟ ಕೆಳಗಿಟ್ಟ. 'ದೇವರು ಹೂ ಕೊಡ್ಲಿಲ್ಲ ಅಂತ ನಾ ಬಂದು ಹೇಳಿದ್ನಲ್ಲ, ಅದು ಸುಳ್ಳು.'

ಸೂಜಿ ನಿಂತಿತು. 'ಯಾವ ಸಲದ್ದು?'

'ಮೂರೂ ಸಲದ್ದು. ಯಾರೂ ಹೂ ಕೇಳಿರಲಿಲ್ಲ. ಅವರು ಒಲ್ಲೆ ಅಂದ್ರು, ನಾ ದೇವರ ಹೆಸರು ಹೇಳಿದ್ನಿ.'

ಸೂಗಪ್ಪನಿಗೆ ಮೊದಲು ಅರ್ಥವಾಯಿತು. ತಟ್ಟೆ ಸರಿಸಿ ಎದ್ದು ನಿಂತ. 'ಏನಂದಿ? ನಮ್ಮ ಮನ್ಯಾಗ ಉಂಡು, ನಮ್ಮ ಚಾಪಿ ಮ್ಯಾಲ ಕೂತು, ನನ್ನ ಮಗಳ ಹೆಸರಿಗೆ ಮಸಿ ಬಳದಿ? ಓಣಿ ಮಂದಿ ಹಬ್ಬಕ್ಕ ಕರಿಯೂದ ಬಿಟ್ಟಾರಲೇ ಅಕಿನ್ನ! ಏಳು. ಮೊದಲ ಎದ್ದು ಹೊರಗ ನಡಿ.' ಯಾವತ್ತೂ 'ಬರ್ರಿ, ಕೂಡ್ರಿ' ಅನ್ನುತ್ತಿದ್ದ ಮನುಷ್ಯನ ಬಾಯಲ್ಲಿ ಮರ್ಯಾದೆ ಪೂರಾ ಹೋಗಿತ್ತು. ಪಂಪಾಪತಿ ಚಪ್ಪಲಿಯ ಕಡೆ ನೋಡಿದ. ನಿಜ ಹೇಳಬೇಕೆಂದರೆ, ಹೊರಗೆ ಹಾಕಿದ್ದು ಅವನಿಗೆ ಒಳಗೊಳಗೇ ಹಗುರವೆನಿಸಿತು. ಬೈಸಿಕೊಂಡಾಯಿತು, ಇನ್ನು ಹೋಗಬಹುದು.

'ಅಪ್ಪಾ, ಕೂಡು,' ಅಂದಳು ಭಾರತಿ. 'ಅವರು ಎದ್ದು ಹೋದ್ರ ಖರೇ ಕಾರಣ ಯಾರು ಹೇಳ್ತಾರ?' ಚೌಕಟ್ಟನ್ನು ಪಕ್ಕಕ್ಕೆ ಸರಿಸಿ ಅವನ ಎದುರಿಗೇ ಬಂದು ಕೂತಳು. 'ಹೇಳ್ರಿ ಕಾಕಾ. ಒಂದೊಂದಾಗಿ ಹೇಳ್ರಿ.'

'ಮೊದಲ್ನೇದು ಏನಾತಂದ್ರವ್ವ, ಹುಡುಗ ಒಳ್ಳೆಯವನ, ಮನಿತನಾನೂ ಒಳ್ಳೇದು, ಆದ್ರ ಏನೋ ಜರಾ…'

'ಸಕ್ಕರಿ ಹಾಕಬ್ಯಾಡ್ರಿ.'

'ಹುಡುಗಗ ಬ್ಯಾರೆ ಹುಡುಗಿ ಮ್ಯಾಲ ಮನಸಿತ್ತು. ಅಪ್ಪನ ಒತ್ತಾಯಕ್ಕ ನೋಡಾಕ ಬಂದಿದ್ದ.'

'ಎರಡನೇದು?'

'ಕಿರಾಣಿ ಅಂಗಡಿಯವರು. ನೀ ಹುಡುಗಗ, ನೀವು ಏನ್ ಓದೀರಿ ಅಂತ ಕೇಳಿದ್ಯಲ್ಲ? ಅವ ಎಸ್ಸೆಸ್ಸೆಲ್ಸಿ ಫೇಲು. ಹುಡುಗಿ ಬಾಯಿ ಜೋರೈತಿ ಅಂದ್ರು.'

ಭಾರತಿಯ ತುಟಿಯಲ್ಲಿ ನಗು ಬಂದಂತಾಯಿತು. 'ಅದು ಖರೇನ. ಮೂರನೇದು?'

ಇದನ್ನು ಹೇಳಲು ಮಾತ್ರ ಅವನ ನಾಲಿಗೆ ಏಳಲೊಲ್ಲದು. ಯಮನಮ್ಮ ಕಣ್ಣ ಮುಂದೆ ಬಂದು ನಿಂತಳು, ಕತ್ತಲಲ್ಲಿ ಕೊಡ ಹೊತ್ತು ಹೋಗುವ ತಂಗಿ. ಭಾರತಿಯ ಮುಖ ನೋಡುತ್ತ ಹೇಳುವುದಾಗದೆ ನೆಲ ನೋಡುತ್ತ ಹೇಳಿದ. 'ನೀ ಚಾ ತಂದು ಕೊಡಾಗ ಪವನನ ತಾಯಿ ನಿನ್ನ ಕಾಲು ನೋಡಿದ್ರಂತ. ಹುಡುಗಿಗೆ ತೊನ್ನು ಐತಿ, ಮುಚ್ಚಿಟ್ಟಾರ ಅಂದ್ರು.'

ಭಾರತಿ ನಿಧಾನವಾಗಿ ಚೂಡಿದಾರದ ಕಾಲು ಸ್ವಲ್ಪ ಮೇಲೆತ್ತಿ ತನ್ನ ಕಾಲ್ಗಿಣ್ಣಿನ ಕಡೆ ನೋಡಿದಳು. ಅಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗ ಬೆಳ್ಳಗಿತ್ತು.

'ಅಯ್ಯೋ ಶಿವನ!' ತಿಮ್ಮವ್ವ ಹಣೆ ಬಡಿದುಕೊಂಡಳು. 'ಅದು ಇಸ್ತ್ರಿ ಪೆಟ್ಟಿಗಿ ಸುಟ್ಟ ಕಲೀರಿ! ಏಳನೇ ಕ್ಲಾಸಿನಾಗ ಇದ್ದಾಗ ಕಾಲ ಮ್ಯಾಲ ಕೆಡವಿಕೊಂಡಿದ್ಲು. ಒಂದು ಮಾತು ಕೇಳಿದ್ರ ಹೇಳ್ತಿದ್ವಿ!'

ಒಂದು ಮಾತು. ಆ ಒಂದು ಮಾತನ್ನು ತಂದು ಮುಂದಿಡಬೇಕಾದವನು ಬಾಳೆಹಣ್ಣು ತಂದಿಟ್ಟಿದ್ದ.

'ತೊನ್ನೇ ಇದ್ದಿದ್ರೂ ನನಗ ಹೇಳಬೇಕಾಗಿತ್ತು ಕಾಕಾ,' ಅಂದಳು ಭಾರತಿ. 'ಪವನ ನನ್ನ ಮನಸಿಗೆ ಬಂದಿದ್ದ. ಒಂದು ಎಳಿ ತಪ್ಪಿದ್ರ ಪೂರಾ ಬಿಚ್ಚಬೇಕೇನು ಅಂತ ನನ್ನ ಕೆಲಸ ನೋಡಿ ಕೇಳಿದ್ದ. ನೋಡಾಕ ಬಂದವರೊಳಗ ನನ್ನ ಕೆಲಸದ ಸುದ್ದಿ ಕೇಳಿದವ ಅವನೊಬ್ಬನ. ಅವರ ದೇವರು ಹೂ ಕೊಡ್ಲಿಲ್ಲ ಅಂದಾಗ ನಾ ಒಂದು ವಾರ ಉಣ್ಣಲಿಲ್ಲ. ಅವ್ವಗ ಹೊಟ್ಟಿ ನೋವು ಅಂದಿದ್ದೆ.'

ಪವನನಿಗೆ ವೈಶಾಖದಲ್ಲಿ ಮದುವೆಯಾಗಿತ್ತು. ಆ ಮದುವೆಯಲ್ಲಿ ಪಂಪಾಪತಿಗೆ ಟವೆಲ್ ಹೊದಿಸಿದ್ದರು. ಅವತ್ತು ಎರಡು ಸಲ ಫೋಟೊ ತೆಗೆಸಿಕೊಂಡಿದ್ದ. ಅದು ನೆನಪಾದಾಗ ಆದ ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಅರವತ್ತೈದರ ಮುದುಕ ಹುಡುಗಿಯ ಮುಂದೆ ಕೈ ಜೋಡಿಸಿದ. 'ತಪ್ಪಾತವ್ವ. ಇದನ್ನ ತಿದ್ದಾಕ ನನ್ನ ಕೈಲಿ ಆಗಂಗಿಲ್ಲ.'

'ಹೋಗಲಿ ಬಿಡ್ರಿ' ಎಂದು ಯಾರೂ ಅನ್ನಲಿಲ್ಲ. ನಲವತ್ತು ಮನೆಗಳಲ್ಲಿ ಆ ಮಾತು ಕೇಳಿ ಅಭ್ಯಾಸವಾಗಿದ್ದವನಿಗೆ ಅದಿಲ್ಲದೆ ಕೂಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಆದರೂ ಏಳಲಿಲ್ಲ.

ಗೋಡೆಗೊರಗಿ ಕೂತಿದ್ದ ತಿಮ್ಮವ್ವ ಅಳುತ್ತಿದ್ದಳು, ಅಳುತ್ತಲೇ ಏನೋ ಹಗುರಾಗಿದ್ದಳು. 'ಹಂಗಾದ್ರ ದೇವರಿಗೆ ನಮ್ಮ ಮ್ಯಾಲ ಸಿಟ್ಟಿಲ್ಲ,' ಎಂದು ತನಗೆ ತಾನೇ ಹೇಳಿಕೊಂಡಳು. 'ಏನ್ ತಪ್ಪು ಮಾಡೀನಿ ಅಂತ ಒಂದೂವರೆ ವರ್ಷ ಹುಡುಕಿದ್ನಲ್ಲೋ ಎಪ್ಪಾ.'

ಭಾರತಿ ಕಣ್ಣೊರೆಸಿಕೊಂಡಳು. 'ಅಪ್ಪಾ, ಲಿಂಗಸುಗೂರಿನ ಸಂಬಂಧ ನಾ ಒಲ್ಲೆ.'

'ಮಾತು ಕೊಟ್ಟೀವಿ ಮಗಳ. ನಾಡದು ನಿಶ್ಚಯ.'

'ದೇವರು ಬ್ಯಾಡ ಅಂದಾನ ಅಂತ ತಿಳಕೊಂಡು ಕೊಟ್ಟ ಮಾತದು. ದೇವರು ಏನೂ ಅಂದಿಲ್ಲ. ಈಗ ನನ್ನ ಕೇಳು.'

ತಟ್ಟೆಯಲ್ಲಿನ ರೊಟ್ಟಿ ಒಣಗಿ ಸೆಟೆದಿತ್ತು. ಸೂಗಪ್ಪ ಮಗಳ ಕಡೆ ತಿರುಗಿ, ಒಂದೂವರೆ ವರ್ಷದಲ್ಲಿ ಮೊದಲ ಸಲ, 'ನಿನಗ ಏನನ್ನಸ್ತೈತಿ ಹೇಳವ್ವ' ಅಂದ.

'ಅವರು ಕೆಟ್ಟವರಲ್ಲ. ಆದ್ರ ಹದಿನೆಂಟು ವರ್ಷ ದೊಡ್ಡವರು. ನಂಗ ಬ್ಯಾಡ.' ಆಮೇಲೆ ಪಂಪಾಪತಿಯ ಕಡೆ ನೋಡಿದಳು. 'ಕಾಕಾ, ಇದನ್ನ ನೀವ ಹೋಗಿ ಹೇಳಿ ಬರಬೇಕು. ಹೂ ಅನ್ನಬ್ಯಾಡ್ರಿ, ಜಾತಕ ಅನ್ನಬ್ಯಾಡ್ರಿ, ಅಪ್ಪಗ ಆರಾಮಿಲ್ಲ ಅನ್ನಬ್ಯಾಡ್ರಿ. ಭಾರತಿ ಒಲ್ಲೆ ಅಂದಾಳ ಅಂತ ಹೇಳ್ರಿ. ಯಾಕ ಅಂತ ಕೇಳಿದ್ರ ವಯಸ್ಸಿನ ಅಂತರ ಅಂತ ಹೇಳ್ರಿ. ಕಡೀತನಕಾ ಕೂತು, ಅವರು ಏನಂತಾರ ಕೇಳಿಸಿಕೊಂಡು ಬರ್ರಿ.'

ಬುಧವಾರ ಸಂಜೆ, ಶಾಲೆ ಬಿಟ್ಟ ಹೊತ್ತಿಗೆ, ಪಂಪಾಪತಿ ಲಿಂಗಸುಗೂರಿನಲ್ಲಿದ್ದ. ಯಮನೂರಪ್ಪನ ಅಂಗಡಿ ಮುಂದೆ, ಮನೆ ಹಿಂದೆ. ಎತ್ತರದ ಮನುಷ್ಯ, ಸಿಮೆಂಟಿನ ಬೂದಿ ಹುಬ್ಬಿಗೂ ಹತ್ತಿತ್ತು. ಬಂದವನನ್ನು ಕಂಡದ್ದೇ ತಡ, ಗಲ್ಲಾ ಬಿಟ್ಟು ಎದ್ದು ಬಂದು ಕುರ್ಚಿ ಹಾಕಿದ.

'ಬರ್ರಿ ಕಂಡಕ್ಟರ್. ನಾಳಿನ ಸುದ್ದಿ ಹೇಳಾಕ ಸೂಗಪ್ಪಾರ ಕಳಿಸಿರಬೇಕು. ಗಾಡಿ ಹೇಳೀನಿ, ಹನ್ನೊಂದಕ್ಕೆಲ್ಲ ಸಿಂಧನೂರಾಗ ಇರ್ತೀವಿ.' ಅಷ್ಟರಲ್ಲೇ ಒಂದು ಚೀಲದಿಂದ ಸೀರೆ ತೆಗೆದು ತೋರಿಸಿದ. ಗಿಣಿಹಸಿರು, ಕೆಂಪು ಅಂಚು. 'ಮಕ್ಕಳ ಆರಿಸ್ಯಾವ. ಸಣ್ಣಾಕಿ ಅಂತೂ ಹೊಸ ಅವ್ವಗ ಈ ಬಣ್ಣಾನ ಬೇಕು ಅಂತ ಅಂಗಡ್ಯಾಗ ಹಟಾ ಹಿಡಿದು ಕೂತ್ಲು.'

ಪಂಪಾಪತಿಯ ಬಾಯಿಗೆ ನೆವಗಳು ತಾವಾಗಿಯೇ ಬಂದು ಸಾಲು ನಿಂತವು. ಹುಡುಗಿಗೆ ಜ್ವರ. ಅವರ ಮನೆಯಲ್ಲಿ ಸೂತಕ. ಮುಂದಿನ ತಿಂಗಳು ನೋಡೋಣ. ಹೂವಂತೂ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಮಾತು ಸಾಕು, ಈ ಮನುಷ್ಯ ನಗುನಗುತ್ತ ಕಳಿಸಿಕೊಡುತ್ತಾನೆ. ಸೀರೆಯ ಕಡೆ ನೋಡಿದರೆ ಹೇಳಲಾಗುವುದಿಲ್ಲ ಅನ್ನಿಸಿ ಅವನ ಮುಖವನ್ನೇ ನೋಡಿದ.

'ಯಮನೂರಪ್ಪಾರ, ಭಾರತಿ ಈ ಸಂಬಂಧ ಒಲ್ಲೆ ಅಂದಾಳ್ರಿ.'

ಸೀರೆ ಹಿಡಿದ ಕೈ ಅಲ್ಲೇ ನಿಂತಿತು. 'ಯಾರು ಅಂದ್ರು?'

'ಅಕೀನ ಅಂದಾಳ. ನನ್ನ ಮುಂದ, ಅವರಪ್ಪನ ಮುಂದ.'

'ಯಾಕಂತ?'

'ನೀವು ಹದಿನೆಂಟು ವರ್ಷ ದೊಡ್ಡವರು. ಕೆಟ್ಟವರಲ್ಲ ಅಂತಾನೂ ಅಂದಾಳ. ಆದ್ರ ಅಕಿಗೆ ಬ್ಯಾಡ.' ತಡೆದು, ಉಳಿದದ್ದನ್ನೂ ಹೇಳಿದ. ಹಿಂದಿನ ಮೂರು ಸಂಬಂಧ, ತನ್ನ ಸುಳ್ಳು ಹೂವು, ಅದಕ್ಕೆ ಹೆದರಿ ಆ ಮನೆಯವರು ಇವನಿಗೆ ಹೂಂ ಅಂದದ್ದು. 'ಅವರು ನಿಮಗ ಮೋಸ ಮಾಡಿಲ್ರಿ. ಮಾಡಿದ್ದು ನಾನು. ನೀವು ಬೈದ್ರೂ ಕೇಳ್ತೀನಿ, ಹೊಡದ್ರೂ ಹೊಡಿಸಿಕೊಂತೀನಿ.'

ಯಮನೂರಪ್ಪ ಬೈಯಲಿಲ್ಲ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಸೀರೆಯನ್ನು ಮಡಿಕೆ ಕೆಡದಂತೆ ಚೀಲದೊಳಗೆ ಇಟ್ಟ. ಯಾರೋ ಎರಡು ಚೀಲ ಸಿಮೆಂಟು ಕೇಳಿಕೊಂಡು ಬಂದರು, ನಾಳೆ ಬನ್ನಿ ಎಂದು ಕಳಿಸಿದ. ಪಂಪಾಪತಿಯ ಕಾಲುಗಳು ಬಾಗಿಲ ಕಡೆ ಎಳೆಯುತ್ತಿದ್ದವು. ಕಡೆಯವರೆಗೂ ಕೂತು ಬರಬೇಕು ಎಂದಿದ್ದಳು ಹುಡುಗಿ. ಕೂತ.

'ನಾನೂ ನಾಕು ಮನಿ ನೋಡೀನಿ ಕಂಡಕ್ಟರ್,' ಅಂದ ಯಮನೂರಪ್ಪ ಕೊನೆಗೆ. 'ಹೆಂಡ್ತಿ ತೀರಿದ ಮ್ಯಾಲ ಮಕ್ಕಳಿಗೆ ಒಬ್ಬಾಕಿ ಬೇಕು ಅಂತ ಮಂದಿ ಹೇಳಿದ್ರು, ಹೋದ್ನಿ. ಬಿಡ್ರಿ, ನಾಕೂ ಮನಿಯವರು ಒಂದ ಮಾತು ಅಂದ್ರು, ನಮ್ಮ ಮನಿದೇವರು ಹೂ ಕೊಡ್ಲಿಲ್ಲ. ನನಗ ಏನನ್ನಿಸ್ತು ಗೊತ್ತೇನ್ರಿ? ಅಕಿ ಸತ್ತದ್ದೂ ಅದಕ್ಕ ಇರಬೇಕು, ದೇವರಿಗೆ ನನ್ನ ಕಂಡ್ರ ಆಗಂಗಿಲ್ಲ ಅಂತ. ಅವತ್ತಿಂದ ಗುಡಿಗೆ ಹೋಗೂದ ಬಿಟ್ಟೆ. ಮಕ್ಕಳನ್ನೂ ಕಳಿಸಂಗಿಲ್ಲ. ನನ್ನ ಪಾಪ ಅವಕ್ಕ ಯಾಕ ಹತ್ತಬೇಕು? ಸಿಂಧನೂರಾಗ ಹೂ ಕೇಳಂಗಿಲ್ಲ ಅಂದದ್ದು ಅದಕ್ಕ. ಕೇಳಿದ್ರ ಬೀಳಂಗಿಲ್ಲ ಅಂತ ಅಂಜಿಕಿ.'

ಆ ನಾಲ್ಕು ಮನೆಗಳಿಗೂ ಪಂಪಾಪತಿಗೂ ಸಂಬಂಧವಿರಲಿಲ್ಲ. ಆದರೆ ಅಲ್ಲಿಗೆ ಹೂ ಹೊತ್ತು ಹೋದವರು ಯಾವ ಜಾತಿಯ ಮನುಷ್ಯರು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

'ಖರೇ ಹೇಳ್ರಿ.' ಯಮನೂರಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಅಷ್ಟು ದೊಡ್ಡ ಮನುಷ್ಯನ ಕಣ್ಣು ತುಂಬಿತ್ತು. 'ಅವರೂ ನಿಮ್ಮಂಗ ಹೇಳಿರಬೇಕಲ್ಲ? ಒಲ್ಲೆ ಅಂದದ್ದು ಮಂದಿ ಇರಬೇಕಲ್ಲ, ದೇವರಲ್ಲಲ್ಲ?'

'ಮಂದೀನ ಇರಬೇಕ್ರಿ,' ಅಂದ ಪಂಪಾಪತಿ. 'ನಲವತ್ತು ಮನಿಗೆ ನಾ ಹೂವಿನ ಮಾತು ಹೇಳೀನಿ. ಅದರಾಗ ಒಬ್ಬರೂ ದೇವರ ಮುಂದ ಹೋಗಿ ಕೂತಿರಲಿಲ್ಲ.'

ಯಮನೂರಪ್ಪ ಹೆಗಲ ಮೇಲಿನ ವಸ್ತ್ರದಿಂದ ಕಣ್ಣು, ಹುಬ್ಬು, ಕುತ್ತಿಗೆ ಎಲ್ಲ ಒರೆಸಿಕೊಂಡು ಎದ್ದ. ಅಂಗಡಿಯ ಶಟರ್ ಅರ್ಧಕ್ಕೆ ಎಳೆದು, ಒಳಮನೆಯ ಕಡೆ ತಿರುಗಿ ಕೂಗಿದ.

'ಯವ್ವಾ, ಇಬ್ರೂ ಮುಖಾ ತೊಳಕೊಂಡು ಬರ್ರಿ. ಗುಡಿಗೆ ಹೋಗಿ ಬರೂನು.'